ತಳದಲ್ಲಿ ಹೆಚ್ಚಾದದ್ದು ನೀರಲ್ಲ

(ಬಿಎಸ್ಸಿ ರಸಾಯನಶಾಸ್ತ್ರ ಬ್ಯಾಚಿನ ವಾಟ್ಸಾಪ್ ಗುಂಪು)

ರಮೇಶ: [ಫಾರ್ವರ್ಡ್ ವಿಡಿಯೊ] ನೋಡ್ರಪ್ಪಾ. ಬಾಟಲಿಗೆ ಅರ್ಧ ಪೆಟ್ರೋಲ್, ಅರ್ಧ ನೀರು ಹಾಕಿ ಕುಲುಕಿದ್ದಾರೆ. ಕೆಳಗಿನ ನೀರು ಜಾಸ್ತಿ ಆಗಿದೆ. ಅಷ್ಟೂ ನೀರು ಬಂಕಿನವರು ಬೆರೆಸಿದ್ದಂತೆ.

ಸುಧಾ: ಅಲ್ಲ ಕಣೋ. ಜಾಸ್ತಿ ಆಗಿರೋದು ಎಥನಾಲ್, ಪೆಟ್ರೋಲಿಗೆ ಬೆರೆಸೋ ಆಲ್ಕೋಹಾಲ್. ಅದು ಪೆಟ್ರೋಲ್ ಬಿಟ್ಟು ನೀರಿಗೆ ಸೇರಿದೆ. ವಿಡಿಯೊದಲ್ಲಿರೋದು ಇ20 ಪೆಟ್ರೋಲ್, ನೂರಕ್ಕೆ 20 ಪಾಲು ಎಥನಾಲ್. ಬಂಕಿನವರು ಅಷ್ಟು ನೀರು ಬೆರೆಸಿದ್ದರೆ, ಬಾಟಲಿಗೆ ನೀರು ಹಾಕೋ ಮೊದಲೇ ಪೆಟ್ರೋಲಲ್ಲಿ ಎರಡು ಪದರ ಕಾಣ್ತಿತ್ತು.

ರಮೇಶ: ಪೆಟ್ರೋಲ್ ಹಗುರ, ನೀರು ಭಾರ, ಅದಕ್ಕೇ ಬೆರೆಯಲ್ಲ. ಎಥನಾಲೂ ಹಗುರಾನೇ. ಅದ್ಯಾಕೆ ಕೆಳಗೆ ಇಳಿಯುತ್ತೆ?

ಸುಧಾ: ತಪ್ಪಾಗಿರೋದು ಅಲ್ಲೇ. ಸಾಂದ್ರತೆ ಹೇಳೋದು ಯಾವುದು ಮೇಲೆ, ಯಾವುದು ಕೆಳಗೆ ಅಂತ ಮಾತ್ರ. ನೀರು 1 ಅಂದರೆ ಪೆಟ್ರೋಲ್ 0.72ರಿಂದ 0.775, ಎಥನಾಲ್ 0.789, ಹೆಚ್ಚುಕಮ್ಮಿ ಒಂದೇ. ಗ್ಲಿಸರಿನ್ 1.26, ನೀರಿಗಿಂತ ಭಾರ, ಆದರೂ ನೀರಲ್ಲಿ ಪೂರ್ತಿ ಬೆರೆಯುತ್ತೆ.
ನೀರಿನ ಅಣುಗಳು ಹೈಡ್ರೋಜನ್ ಬಂಧದಿಂದ ಒಂದನ್ನೊಂದು ಹಿಡ್ಕೊಂಡಿರುತ್ತವೆ. ಪೆಟ್ರೋಲಿನ ಹೈಡ್ರೋಕಾರ್ಬನ್ನಿಗೆ ಆ ಬಂಧ ಕೊಡೋಕೂ ಆಗಲ್ಲ, ತಗೊಳ್ಳೋಕೂ ಆಗಲ್ಲ. ಹಾಗಾಗಿ ನೀರು ತನ್ನ ಬಳಗ ಬಿಟ್ಟು ಅದಕ್ಕೆ ಜಾಗ ಮಾಡಿಕೊಡಲ್ಲ. ಎಥನಾಲಿನ ಒಂದು ತುದಿಯಲ್ಲಿ ಓಎಚ್ (ಆಕ್ಸಿಜನ್-ಹೈಡ್ರೋಜನ್ ಜೋಡಿ) ಇದೆ, ಅದು ನೀರಿನ ಜೊತೆ ಆ ಬಂಧ ಕಟ್ಟುತ್ತೆ, ಇನ್ನೊಂದು ಕಡೆ ಎರಡು ಕಾರ್ಬನ್ನಿನ ಪುಟ್ಟ ಬಾಲ. ಎರಡು ಕಡೆಗೂ ನೆಂಟ. ನೀರು ಸಿಕ್ಕಿದಾಗ ಆ ಕಡೆಯ ಸೆಳೆತವೇ ಗೆಲ್ಲುತ್ತೆ.

ಗಿರೀಶ: ಬಾಲ ಉದ್ದ ಆದ ಹಾಗೆ ಸೆಳೆತ ಸೋಲೋದನ್ನೂ ನೋಡಬಹುದು. ಮೂರು ಕಾರ್ಬನ್ನಿನ ಆಲ್ಕೋಹಾಲ್ ಪ್ರೊಪನಾಲ್ ಎಷ್ಟು ಹಾಕಿದರೂ ನೀರಲ್ಲಿ ಬೆರೆಯುತ್ತೆ. ಒಂದೇ ಕಾರ್ಬನ್ ಜಾಸ್ತಿ ಇರುವ 1-ಬ್ಯುಟನಾಲ್ 100 ಮಿಲಿ ನೀರಿಗೆ 7-8 ಗ್ರಾಂ ಅಷ್ಟೇ.

ರಮೇಶ: ಸರಿ, ಮನೇಲಿ ಅಳೆಯೋದು ಹೇಗೆ?

ಸುಧಾ: ಬಾಟಲಿ ಬೇಡ, ಕತ್ತು ಕಿರಿದಾದ ಕಡೆ ಎತ್ತರ ನೋಡಿದರೆ ಅಳತೆ ತಪ್ಪುತ್ತೆ. ಬಿರಡೆ ಇರುವ 100 ಮಿಲಿ ಅಳತೆಯ ಗಾಜಿನ ಜಾಡಿಗೆ 50 ಮಿಲಿ ಪೆಟ್ರೋಲ್, ಆಮೇಲೆ ಶೇಕಡಾ 10ರ ಉಪ್ಪುನೀರು 100ರ ಗೆರೆ ತನಕ. ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡು, ನಡುನಡುವೆ ಬಿರಡೆ ಸಡಿಲಿಸಿ ಆವಿ ಬಿಡು. ಜೋರಾಗಿ ಕುಲುಕಿದರೆ ಸಣ್ಣ ಹನಿಗಳಾಗಿ ಬೆಳ್ಳಗಾಗಿ, ಗಡಿ ಕಾಣೋಕೆ ತಡ ಆಗುತ್ತೆ. 15 ನಿಮಿಷ ಬಿಟ್ಟು ಗಡಿ ಓದು. ನೀರಿನ ಪದರ ಏರಿದ್ದನ್ನ ಎರಡರಿಂದ ಗುಣಿಸಿ 1 ಕೂಡು. ಬರೋದು ಎಥನಾಲಿನ ಶೇಕಡಾವಾರು. 9.5 ಮಿಲಿ ಏರಿದರೆ 20. ಬಯಲಲ್ಲೇ ಮಾಡು, ಹತ್ತಿರ ಬೆಂಕಿ ಬೇಡ.

ರಮೇಶ: 1 ಯಾಕೆ ಕೂಡೋದು?

ಸುಧಾ: ಎಥನಾಲೂ ನೀರೂ ಸೇರಿದಾಗ ಕುಗ್ಗುತ್ತವೆ. 50ಕ್ಕೆ 50 ಸೇರಿಸಿದರೆ 100 ಬರಲ್ಲ, 96-97 ಬರುತ್ತೆ. ಆ ಕೊರತೆ ತುಂಬೋಕೆ. ಬ್ರೆಜಿಲ್‌ನಲ್ಲಿ ಬಂಕುಗಳಲ್ಲೇ ಮಾಡೋ ಪರೀಕ್ಷೆ ಇದು.

ಗಿರೀಶ: ಆದರೂ ನೀರಿನ ಭಯ ಸುಳ್ಳಲ್ಲ ಸುಧಾ. ಎಥನಾಲ್ ಇಲ್ಲದ ಪೆಟ್ರೋಲ್ ಲೀಟರಿಗೆ ನಾಲ್ಕಾರು ಹನಿ ನೀರನ್ನಷ್ಟೇ ಕರಗಿಸಿಕೊಳ್ಳುತ್ತೆ. ಶೇಕಡಾ 10 ಎಥನಾಲ್ ಇದ್ದರೆ 15 ಡಿಗ್ರಿಯಲ್ಲಿ ಸುಮಾರು 5 ಮಿಲಿ ತಡೆಯುತ್ತೆ. ಮಿತಿ ದಾಟಿದರೆ ನೀರೊಂದೇ ಇಳಿಯಲ್ಲ, ಎಥನಾಲನ್ನೂ ಎಳ್ಕೊಂಡು ತಳ ಸೇರುತ್ತೆ. ಚಳಿ ಹೆಚ್ಚಾದರೆ ಆ ಮಿತಿ ಇನ್ನೂ ಇಳಿಯುತ್ತೆ.

ಸುಧಾ: ಒಪ್ತೀನಿ. ಆದರೆ ಅದನ್ನ ಈ ವಿಡಿಯೊದ ಪರೀಕ್ಷೆಯಿಂದ ಹಿಡಿಯೋಕೆ ಆಗಲ್ಲ.

ಗಿರೀಶ: ಹೌದು. ಬಂಕಿನ ನೆಲದ ಟ್ಯಾಂಕಿಗೆ ಅಳತೆ ಕೋಲಿಗೆ ವಾಟರ್ ಫೈಂಡಿಂಗ್ ಪೇಸ್ಟ್ ಹಚ್ಚಿ ಇಳಿಸಬೇಕು, ನೀರು ತಾಗಿದ ಕಡೆ ಬಣ್ಣ ಬದಲಾಗುತ್ತೆ. ಎಥನಾಲ್ ಪೆಟ್ರೋಲಿಗೆ ಅಂತಲೇ ಇರುವ ಪೇಸ್ಟ್ ಬೇಕು, ಮಾಮೂಲಿಯದು ಆ ಮಿಶ್ರ ಪದರವನ್ನ ಸರಿಯಾಗಿ ತೋರಿಸಲ್ಲ.

ರಮೇಶ: ಗಾಡಿ ಟ್ಯಾಂಕಲ್ಲೇ ಹಾಗಾಗಿದ್ದರೆ? ಮೇಲೆ ಹೊಸ ಪೆಟ್ರೋಲ್ ತುಂಬಿಸಿದರೆ ಸಾಕಾ?

ಗಿರೀಶ: ಸಾಕಾಗಲ್ಲ. ಇಂಜಿನ್ ಎಳ್ಕೊಳ್ಳೋದು ತಳದಿಂದ, ಅಲ್ಲಿರೋದು ಎಥನಾಲ್ ಸೇರಿದ ನೀರು. ಮೇಲಿನ ಪೆಟ್ರೋಲೂ ಎಥನಾಲ್ ಕಳ್ಕೊಂಡು ಆಕ್ಟೇನ್ (ಇಂಜಿನ್ ಬಡಿತ ತಡೆಯೋ ಗುಣ) ಇಳಿದಿರುತ್ತೆ. ಟ್ಯಾಂಕ್ ಪೂರ್ತಿ ಬರಿದು ಮಾಡಿಸು, ಪೈಪು, ಫಿಲ್ಟರಲ್ಲಿ ನಿಂತದ್ದನ್ನೂ ತೆಗೆಸಿ, ಆಮೇಲೆ ಸ್ಟಾರ್ಟ್ ಮಾಡು.