ಸಹಾಯ ಬೇಕು: ಡ್ಯಾಂ ಹಿನ್ನೀರಿಗೆ ಹರಿಗೋಲು, ನೋಡೋಕೆ ಒಳ್ಳೆ ಮೈಕ್ರೋಸ್ಕೋಪ್

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳದಲ್ಲಿದ್ದುಕೊಂಡು ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ತುಂಗಭದ್ರಾ ಹಿನ್ನೀರು, ಆನೆಗೊಂದಿ ಹತ್ತಿರದ ಪಂಪಾ ಸರೋವರ, ಗಂಗಾವತಿ ಕಡೆಯ ಭತ್ತದ ಗದ್ದೆ. ಎಲ್ಲಿ ಯಾವ ಪಾಚಿ ಇದೆ, ಯಾಕೆ ಅಲ್ಲೇ ಇದೆ ಅನ್ನೋದು ನನ್ನ ವಿಷಯ.

ನೀರಲ್ಲಿರುವ ಕಲ್ಲಿನ ಮೇಲೆ ಕಂದು ಲೋಳೆ ಇರುತ್ತದೆ ಅಲ್ವಾ? ಅದನ್ನು ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆದರೆ ಡಯಾಟಮ್‌ಗಳು ಸಿಗುತ್ತವೆ. ಒಂದೇ ಕೋಶ, ಸುತ್ತ ಗಾಜಿನಂಥ ಸಿಲಿಕಾ ಚಿಪ್ಪು. ಚಿಪ್ಪಿನ ಆಕಾರ ನೋಡಿ, ಗೆರೆ ಎಣಿಸಿ ಜಾತಿ ಗುರುತಿಸಬೇಕು. ನೀರು ಕೆಟ್ಟರೆ ಕೆಲವು ಜಾತಿ ಮಾಯ, ಕೆಲವು ಜಾಸ್ತಿ. ಜೋಗದ ಡಯಾಟಮ್‌ಗಳನ್ನು ಪಾಚಿ ಸಂಶೋಧಕ ಎಚ್.ಪಿ. ಗಾಂಧಿಯವರು ದಶಕಗಳ ಹಿಂದೆಯೇ ದಾಖಲಿಸಿದ್ದಾರೆ. ನಮ್ಮ ಕಡೆಯದ್ದೂ ಆಗಲಿ ಅಂತ ಆಸೆ.

ಈಗ ಬೇಕಿರೋದು ಇಷ್ಟು. ಮುನಿರಾಬಾದ್ ಕಡೆ ಮೀನು ಹಿಡಿಯುವವರ ಪರಿಚಯ ಇದ್ದರೆ ತಿಳಿಸಿ. ಹರಿಗೋಲಿನಲ್ಲಿ ಸ್ವಲ್ಪ ಒಳಗೆ ಹೋಗಬೇಕು, ಬಾಡಿಗೆ ಕೊಡುತ್ತೇನೆ. ಸುಮ್ನೆ ದಡದ ನೀರು ತುಂಬಿಕೊಂಡು ಬಂದರೆ ಲೆಕ್ಕ ತಪ್ಪುತ್ತದೆ, ತೇಲುವ ಪಾಚಿಯನ್ನು ಗಾಳಿ ದಡಕ್ಕೆ ತಳ್ಳಿರುತ್ತದೆ.

ಇನ್ನೊಂದು, 100ಎಕ್ಸ್ ಆಯಿಲ್ ಇಮ್ಮರ್ಶನ್ ಲೆನ್ಸ್ (ಸ್ಲೈಡಿಗೂ ಲೆನ್ಸಿಗೂ ನಡುವೆ ಎಣ್ಣೆ ಹನಿ ಹಾಕಿ ನೋಡುವ, ನೂರು ಪಟ್ಟು ದೊಡ್ಡದು ಮಾಡುವ ಲೆನ್ಸ್) ಇರುವ ಮೈಕ್ರೋಸ್ಕೋಪ್. ನನ್ನ ಹತ್ತಿರ ಇರೋದು 40ಎಕ್ಸ್ ತನಕ ಮಾತ್ರ, ಅದರಲ್ಲಿ ಸಣ್ಣ ಗೆರೆಗಳು ಕಾಣುವುದಿಲ್ಲ. ಕೊಪ್ಪಳ, ರಾಯಚೂರು, ಬಳ್ಳಾರಿ ಯಾವುದಾದರೂ ಕಾಲೇಜಿನಲ್ಲಿ ರಜೆ ದಿನ ಕೂತು ನೋಡಲು ಬಿಟ್ಟರೆ ಸಾಕು. ಸ್ಲೈಡು, ಎಣ್ಣೆ ನಾನೇ ತರುತ್ತೇನೆ.

ಹಿನ್ನೀರು ಹಸಿರಾದಾಗ ತೆಗೆದ ಹಳೇ ಫೋಟೋ ಯಾರ ಹತ್ತಿರವಾದರೂ ಇದ್ದರೆ, ತಿಂಗಳು, ವರ್ಷ ಬರೆದು ಇಲ್ಲೇ ಹಾಕಿ.