ಬೋರ್ಡಿಗೆ 'ನೈದಾನಿಕ' ಬೇಡ, ಕ್ಲಿನಿಕಲ್ ಇರಲಿ

ಶಿರಸಿಯ ಮೇಡಂ ಅವರಿಗೆ ನಮಸ್ಕಾರ. ಮನೋವಿಜ್ಞಾನದ ಶಾಖೆಗಳ ಹೆಸರು ಬೋರ್ಡಿನ ಮೇಲೆ ಕನ್ನಡದಲ್ಲಿ ಹೇಗೆ ಬರೆಸಲಿ, ಕ್ಲಿನಿಕಲ್ ಅನ್ನುವುದಕ್ಕೆ 'ನೈದಾನಿಕ'ವೋ 'ಚಿಕಿತ್ಸಾ'ವೋ ಅಂತ ಕೇಳಿದ್ದೀರಿ. ನಾಳೆ ಸಂಜೆಯೊಳಗೆ ಪೇಂಟರ್ ಕೈಗೆ ಕೊಡಬೇಕು ಅಂದಿದ್ದೀರಿ, ಅದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. 'ಕ್ಲಿನಿಕಲ್ ಮನೋವಿಜ್ಞಾನ' ಎಂದೇ ಬರೆಸಿ. ಸಾಮಾಜಿಕ, ಬೆಳವಣಿಗೆಯ, ಇವೆರಡಕ್ಕೂ ತಕರಾರಿಲ್ಲ. ಕಾಗ್ನಿಟಿವ್‌ಗೆ 'ಅರಿವಿನ' ಸಾಕು. ನೆನಪು, ಗಮನ, ಯೋಚನೆ ಎಲ್ಲ ಅದರಲ್ಲೇ ಬಂತು.

'ನೈದಾನಿಕ' ಬಂದದ್ದು 'ನಿದಾನ'ದಿಂದ. 'ನಿದಾನ' ಎಂದರೆ ರೋಗದ ಮೂಲ ಹುಡುಕುವುದು ಅಂತ ಇಲ್ಲಿರುವವರಿಗೆ ಗೊತ್ತು. ಮಕ್ಕಳ ಕಿವಿಗೆ ಬೀಳುವುದು 'ನಿಧಾನ'. ನಾನು ಕಾರವಾರದಲ್ಲಿ ಪಾಠ ಮಾಡುವಾಗ ಅಂಕೋಲಾ ಕಡೆಯ ಹುಡುಗಿಯೊಬ್ಬಳು ನೋಟ್ಸಿನಲ್ಲಿ ದ-ಕ್ಕೆ ಹೊಟ್ಟೆ ಸೀಳಿ 'ನೈಧಾನಿಕ' ಎಂದು ಬರೆದಿದ್ದಳು. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಅರ್ಥ ಬೇರೆ: 'ನಿಧಾನವಾಗಿ ಕಲಿಯುವವರ ಬಗ್ಗೆ'. ಆ ಹುಡುಗಿಯದು ತಪ್ಪಲ್ಲ, ಪದದ್ದು ತಪ್ಪು.

'ಚಿಕಿತ್ಸಾ' ಎಂದರೆ ಅರ್ಧ ಕೆಲಸ ಮಾತ್ರ ಹೇಳಿದಂತಾಯಿತು. 1896ರಲ್ಲಿ ಅಮೆರಿಕದ ಮನೋವಿಜ್ಞಾನಿ ಲೈಟ್ನರ್ ವಿಟ್ಮರ್ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕ್ಲಿನಿಕ್ ತೆರೆದಾಗ ಮೊದಲು ಬಂದವನು ಸ್ಪೆಲ್ಲಿಂಗ್ ಬಾರದ ಹುಡುಗ. ತೊಡಕು ಎಲ್ಲಿದೆ ಅಂತ ಹುಡುಕುವುದೂ ಇಲ್ಲಿ ದೊಡ್ಡ ಕೆಲಸವೇ. ಜೊತೆಗೆ 'ಚಿಕಿತ್ಸಾ' ಅಂದ ಕೂಡಲೇ ಜನ ಮಾತ್ರೆ ಬರೆದುಕೊಡುವ ಮನೋವೈದ್ಯರು ಅಂದುಕೊಳ್ಳುತ್ತಾರೆ, ಆಮೇಲೆ ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ಸಾಕಾಗುತ್ತದೆ.

ಅಬ್‌ನಾರ್ಮಲ್‌ಗೆ (ಮಾನಸಿಕ ಕಾಯಿಲೆಗಳ ಶಾಖೆಗೆ) 'ಅಸಾಮಾನ್ಯ' ಖಂಡಿತ ಬೇಡ. ನಮ್ಮಲ್ಲಿ ಅದು ಹೊಗಳಿಕೆ. ಯಕ್ಷಗಾನ ಮುಗಿಸಿ ಬರುವಾಗ ಭಾಗವತರದು ಅಸಾಮಾನ್ಯ ಕಂಠ ಅನ್ನುತ್ತೇವೆ, ಅಲ್ವಾ? ಕಾಯಿಲೆಯಿಂದ ನರಳುವವರಿಗೆ ಅದೇ ಪದ ಹಚ್ಚುವುದು ಹೇಗೆ? ಪಠ್ಯದ 'ಅಪಸಾಮಾನ್ಯ' ಸದ್ಯಕ್ಕೆ ಇರಲಿ.

ಇನ್ನು ಮನೋವಿಜ್ಞಾನಕ್ಕೆ ಅಚ್ಚಗನ್ನಡದ 'ಮನದರಿಮೆ' ಸೂಚಿಸಿದವರಿಗೆ: ಪದ ಚೆಂದ ಇದೆ, ನಾಳೆಯ ಬೋರ್ಡಿಗೆ ಆಗುವುದಿಲ್ಲ. ಕ್ಲಿನಿಕಲ್ ಹೊರಗಿನದು ಅಂತ ಮೂಗು ಮುರಿಯಬೇಡಿ. ಹೌದು, ಅದರ ಮೂಲ ಗ್ರೀಕ್, ಹಾಸಿಗೆ ಅನ್ನುವ ಪದದಿಂದ ಬಂದದ್ದು. ನೈದಾನಿಕವೂ ಸಂಸ್ಕೃತದ ಸಾಲವೇ. ನಮ್ಮ ಕರಾವಳಿಯ ಚಾವಿ, ತಿನ್ನುವ ಪಾವು (ಬ್ರೆಡ್) ಎರಡೂ ಪೋರ್ಚುಗೀಸರಿಂದ ಬಂದವು. ದಿನಾ ಚಾವಿ ತಿರುಗಿಸಿ ಬಾಗಿಲು ತೆಗೆಯುವವರು ಈ ಒಂದು ಪದಕ್ಕೆ ಮಾತ್ರ ಯಾಕೆ ಅಡ್ಡ ನಿಲ್ಲಬೇಕು? ಕ್ಲಿನಿಕ್ ಗೊತ್ತಿಲ್ಲದ ಊರು ನಮ್ಮ ಜಿಲ್ಲೆಯಲ್ಲಿ ಇಲ್ಲ.

ಮೇಡಂ, ಪದಗಳನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದು ಕೊಡಿ. ಫೋನಿನಲ್ಲಿ ಹೇಳಿದರೆ ಒತ್ತಕ್ಷರ ತಪ್ಪುತ್ತದೆ.