ಪದಚರ್ಚೆ: ಫ್ರೀ ಥ್ರೋ ಕೊಡುವುದು, ಹಾಕುವುದು, ಹಾಕಿಸುವುದು

ಗೆಳೆಯರೇ, ನಮಸ್ಕಾರ.

ಹೈಸ್ಕೂಲಿನ ಪಿ.ಇ. ಮೇಷ್ಟ್ರುಗಳಿಗಾಗಿ ಬ್ಯಾಸ್ಕೆಟ್‌ಬಾಲ್ ರೆಫರಿ ಕೆಲಸದ ಬಗ್ಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಫೀಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ನಿಯಮಗಳನ್ನು ಮುಂದಿಟ್ಟುಕೊಂಡು ಕೂತಿದ್ದೇನೆ. ಡ್ರಿಬಲ್, ಪಾಸ್, ಫೌಲ್ ಎಲ್ಲ ಸಲೀಸಾಗಿ ಸಾಗಿತು. ಫ್ರೀ ಥ್ರೋ ಅಧ್ಯಾಯಕ್ಕೆ ಬಂದಾಗ ಗಾಡಿ ನಿಂತಿತು. ನಿಮ್ಮ ಸಹಾಯ ಬೇಕು.

‘ಫ್ರೀ ಥ್ರೋ’ ಅನ್ನೋದಕ್ಕೆ ‘ಉಚಿತ ಎಸೆತ’ ಅಂತ ಬರೆಯುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಉಚಿತ ಅಂದರೆ ಪುಕ್ಕಟೆ, ರೇಷನ್ ಅಕ್ಕಿಯ ಹಾಗೆ. ಇದು ಎದುರಾಳಿ ಮಾಡಿದ ಫೌಲಿಗೆ ಸಿಕ್ಕ, ಗೆರೆಯ ಹಿಂದೆ ನಿಂತು ಬುಟ್ಟಿಗೆ ಚೆಂಡು ಎಸೆಯುವ ಅವಕಾಶ. ಇಲ್ಲಿ ‘ಫ್ರೀ’ ಅಂದರೆ ಯಾರೂ ಅಡ್ಡ ಬರುವ ಹಾಗಿಲ್ಲ ಅಂತ ಅರ್ಥ. ‘ಮುಕ್ತ ಎಸೆತ’ ವಾಸಿ. ಆದರೂ ಕೋರ್ಟಿನಲ್ಲಿ ಎಲ್ಲರ ಬಾಯಲ್ಲಿ ಇರೋದು ಫ್ರೀ ಥ್ರೋ ತಾನೇ? ಅದನ್ನೇ ಉಳಿಸಿಕೊಂಡಿದ್ದೇನೆ.

ನಿಜವಾದ ತೊಡಕು ಬೇರೆ. ಇಂಗ್ಲಿಷ್ ನಿಯಮದಲ್ಲಿ ರೆಫರಿ ಫ್ರೀ ಥ್ರೋವನ್ನು ‘ಅಡ್ಮಿನಿಸ್ಟರ್’ ಮಾಡುತ್ತಾರೆ. ನಿಘಂಟು ತೆಗೆದರೆ ಆಡಳಿತ ನಡೆಸು, ನಿರ್ವಹಿಸು ಅಂತ ಬರುತ್ತದೆ. ‘ರೆಫರಿ ಫ್ರೀ ಥ್ರೋವನ್ನು ನಿರ್ವಹಿಸತಕ್ಕದ್ದು’ ಅಂತ ಬರೆದರೆ ಸುತ್ತೋಲೆ ಓದಿದಂತಾಗುತ್ತದೆ. ಕೋರ್ಟಿನಲ್ಲಿ ಏನು ಮಾಡಬೇಕು ಅನ್ನುವುದು ಯಾರಿಗೂ ತಿಳಿಯುವುದಿಲ್ಲ.

ರೆಫರಿ ಮಾಡುವ ಕೆಲಸ ಇಷ್ಟು. ಬುಟ್ಟಿಯ ಕಡೆ ಇರುವ ಲೀಡ್ ರೆಫರಿ ಚೆಂಡು ಹಿಡಿದು ಒಳಗೆ ಬರುತ್ತಾರೆ. ಎಲ್ಲರೂ ತಂತಮ್ಮ ಜಾಗದಲ್ಲಿ ನಿಂತಿದ್ದಾರಾ ಅಂತ ಕಣ್ಣಾಡಿಸುತ್ತಾರೆ. ಎಷ್ಟು ಥ್ರೋ ಅನ್ನುವುದನ್ನು ಬೆರಳಲ್ಲಿ ತೋರಿಸುತ್ತಾರೆ. ಚೆಂಡನ್ನು ಒಮ್ಮೆ ನೆಲಕ್ಕೆ ಪುಟಿಸಿ ಎಸೆಯುವವರ ಕಡೆ ಕಳಿಸುತ್ತಾರೆ, ಆಮೇಲೆ ಹಿಂದೆ ಸರಿಯುತ್ತಾರೆ. ಅಲ್ಲಿಂದ 5 ಸೆಕೆಂಡ್ ಲೆಕ್ಕ ಶುರು. ಅಮೆರಿಕದ ಎನ್‌ಬಿಎ ಲೀಗಿನಲ್ಲಿ ಇದು 10 ಸೆಕೆಂಡ್.

ಕನ್ನಡದಲ್ಲಿ ಪರೀಕ್ಷೆಯನ್ನು ‘ನಡೆಸು’ತ್ತೇವೆ, ಪ್ರಮಾಣವಚನ ‘ಬೋಧಿಸು’ತ್ತೇವೆ, ಮಗುವಿಗೆ ಲಸಿಕೆ ‘ಹಾಕು’ತ್ತೇವೆ. ಇಂಗ್ಲಿಷಿನ ಆ ಒಂದು ಪದಕ್ಕೆ ನಮ್ಮಲ್ಲಿ ಕೆಲಸಕ್ಕೊಂದು ಕ್ರಿಯಾಪದ ಇದೆ. ಹುಡುಗರೂ ‘ಫ್ರೀ ಥ್ರೋ ಹಾಕು’ ಅಂತಲೇ ಅನ್ನುತ್ತಾರೆ. ಹಾಗಾದರೆ ರೆಫರಿ ಮಾಡುವುದು ‘ಹಾಕಿಸು’ವುದು! ಫೌಲ್ ಕರೆದು ಎರಡು ಥ್ರೋ ಕೊಡುವುದು ತೀರ್ಪು. ನಿಂತು ಅದನ್ನು ಹಾಕಿಸುವುದು ಆಮೇಲಿನ ಕೆಲಸ. ಮೂರು ಜನ ರೆಫರಿಗಳಿದ್ದಾಗ ಕೊಟ್ಟವರೊಬ್ಬರು, ಹಾಕಿಸುವವರು ಇನ್ನೊಬ್ಬರು ಆಗಬಹುದು. ಈ ವ್ಯತ್ಯಾಸ ‘ಇಸು’ ಪ್ರತ್ಯಯದಲ್ಲಿ ಎಷ್ಟು ಚೆನ್ನಾಗಿ ಸಿಗುತ್ತದೆ ನೋಡಿ.

ಒಂದೇ ಅನುಮಾನ. ‘ಆ ರೆಫರಿ ಅವರಿಗೇ ಥ್ರೋ ಹಾಕಿಸಿದ’ ಅಂದರೆ ಪಕ್ಷಪಾತದ ವಾಸನೆ ಬರುತ್ತದಲ್ವಾ? ಕೈಪಿಡಿಯಲ್ಲೂ ಹಾಗೆ ಕೇಳಿಸುತ್ತಾ? ನಿಮ್ಮ ಕಿವಿಗೆ ಏನನ್ನಿಸುತ್ತದೆ ಹೇಳಿ.

ಮುಂದಿನದು ಆಟಗಾರರು ನಿಲ್ಲುವ ಜಾಗ. ಪೇಂಟಿನ (ಬುಟ್ಟಿಯ ಮುಂದೆ ಗೆರೆ ಎಳೆದ ಆಯತದ) ಎರಡೂ ಬದಿಯಲ್ಲಿ ಗೆರೆ ಎಳೆದು ಗುರುತಿಸಿದ ಜಾಗಗಳಿರುತ್ತವೆ. ಅಲ್ಲಿ ಹೆಚ್ಚೆಂದರೆ ಐದು ಜನ. ತಡೆಯುವ ತಂಡದ ಮೂವರು, ಎಸೆಯುವ ತಂಡದ ಇಬ್ಬರು. ಬುಟ್ಟಿಗೆ ಹತ್ತಿರದ ಮೊದಲ ಜಾಗ ಎರಡೂ ಕಡೆ ತಡೆಯುವ ತಂಡಕ್ಕೇ ಮೀಸಲು. ಇಂಗ್ಲಿಷಿನಲ್ಲಿ ಇವು ‘ರಿಬೌಂಡ್ ಪ್ಲೇಸ್’ (ರಿಬೌಂಡ್ ಅಂದರೆ ಬುಟ್ಟಿಗೆ ಬೀಳದೆ ಪುಟಿದು ಬಂದ ಚೆಂಡು). ‘ಪುಟಿತ ಸ್ಥಾನ’ ಅಂತೆಲ್ಲ ಬರೆಯೋಕೆ ಕೈ ಬರಲಿಲ್ಲ. ನಾನು ‘ಮನೆ’ ಅಂತ ಬರೆದಿದ್ದೇನೆ. ಕುಂಟೆಬಿಲ್ಲೆಯಲ್ಲಿ ಮನೆ, ಚೌಕಾಬಾರದಲ್ಲಿ ಮನೆ, ಚದುರಂಗದಲ್ಲೂ ಮನೆ. ಗೆರೆ ಎಳೆದು ಗುರುತಿಸಿದ ಆಟದ ಜಾಗಕ್ಕೆ ನಮ್ಮ ಮಾತು ಅದೇ. ‘ಮೊದಲ ಮನೆಯಲ್ಲಿ ಎಸೆಯುವವರ ಜೊತೆಗಾರ ನಿಲ್ಲುವಂತಿಲ್ಲ’ ಅಂದರೆ ಐದನೇ ಕ್ಲಾಸಿನ ಹುಡುಗಿಗೂ ಅರ್ಥವಾಗುತ್ತದೆ. ಟೆಕ್ನಿಕಲ್ ಫೌಲಿಗೆ (ಕೆಟ್ಟ ನಡತೆಯಂಥದ್ದಕ್ಕೆ ಕೊಡುವ ಫೌಲ್) ಸಿಕ್ಕ ಥ್ರೋ ಆದರೆ ಮನೆಗಳೆಲ್ಲ ಖಾಲಿ. ಎಸೆಯುವವರನ್ನು ಬಿಟ್ಟು ಉಳಿದವರೆಲ್ಲ ಮೂರು ಪಾಯಿಂಟ್ ಗೆರೆಯ ಆಚೆ, ಫ್ರೀ ಥ್ರೋ ಗೆರೆಯ ನೇರಕ್ಕಿಂತ ಹಿಂದೆ ಇರಬೇಕು.

ಮನೆ ಬಿಟ್ಟು ಒಳಗೆ ನುಗ್ಗುವ ಹೊತ್ತು ಯಾವುದು? ‘ಚೆಂಡು ಕೈ ಬಿಟ್ಟ ಮೇಲೆ’ ಅಂತ ಮೊದಲು ಹೊಳೆಯಿತು. ಆದರೆ ‘ಕೈಬಿಟ್ಟ’ ಅಂದರೆ ಬೇರೆ ಅರ್ಥವೂ ಇದೆ. ಅದಕ್ಕೇ ‘ಕೈಯಿಂದ ಹೊರಟ ಮೇಲೆ’ ಅಂತ ಇಟ್ಟಿದ್ದೇನೆ. ಎಸೆದವರು ಮಾತ್ರ ಇನ್ನೂ ಸ್ವಲ್ಪ ಕಾಯಬೇಕು. ಚೆಂಡು ಬಳೆಗೆ, ಅಂದರೆ ಬುಟ್ಟಿಯ ರಿಂಗಿಗೆ, ತಾಗುವವರೆಗೆ ಅಥವಾ ಬುಟ್ಟಿಗೆ ಬೀಳುವವರೆಗೆ ಅವರು ಗೆರೆ ತುಳಿಯುವಂತಿಲ್ಲ. ತುಳಿದರೆ ಬಿದ್ದ ಪಾಯಿಂಟೂ ಹೋಯಿತು. ತಡೆಯುವ ತಂಡದವರು ಮಾತ್ರ ಬೇಗ ನುಗ್ಗಿ, ಥ್ರೋ ತಪ್ಪಿದರೆ ಇನ್ನೊಮ್ಮೆ ಹಾಕಿಸಬೇಕು. ಬಿದ್ದರೆ ಆ ನುಗ್ಗಾಟ ಲೆಕ್ಕಕ್ಕಿಲ್ಲ. (‘ರಿಂಗ್’ಗೆ ‘ಬಳೆ’ ನನ್ನ ಚಪಲ. ಬೇಡ ಅಂದರೆ ತೆಗೆಯುತ್ತೇನೆ.)

ಈ ತಪ್ಪಿಗೆ ಹೆಸರೇ ಸಿಗುತ್ತಿಲ್ಲ. ಇದು ‘ವಯಲೇಶನ್’, ಫೌಲ್ ಅಲ್ಲ. ಮೈಮುಟ್ಟಿದ ಜಗಳ ಇಲ್ಲ, ಆಟಗಾರರ ಫೌಲ್ ಲೆಕ್ಕಕ್ಕೂ ಸೇರುವುದಿಲ್ಲ. ಎರಡಕ್ಕೂ ‘ತಪ್ಪು’ ಅಂದರೆ ಗೊಂದಲ. ‘ಉಲ್ಲಂಘನೆ’ ಕಾನೂನಿನ ಭಾಷೆಯಾಯಿತು. ‘ನಿಯಮ ಮುರಿತ’ ಹೇಗೆ?

ಹುಬ್ಬಳ್ಳಿ-ಧಾರವಾಡ, ವಿಜಯಪುರ ಕಡೆಯವರಿಗೆ ಒಂದು ಪ್ರಶ್ನೆ. ನಿಮ್ಮಲ್ಲಿ ಚೆಂಡು ‘ಒಗೆ’ಯುತ್ತಾರೆ. ಹಾಗಾದರೆ ರೆಫರಿ ಥ್ರೋ ‘ಒಗೆಸು’ತ್ತಾರಾ? ಮೈಸೂರು ಕಡೆ ಒಗೆಸುವುದು ಅಂದರೆ ಬಟ್ಟೆ ಮಾತ್ರ. ಒಂದೇ ಕೈಪಿಡಿ ಎರಡೂ ಕಡೆ ಹೋಗಬೇಕಾದ್ದರಿಂದ ‘ಹಾಕಿಸು’ ನಿಮ್ಮಲ್ಲಿ ನಡೆಯುತ್ತಾ, ಇಲ್ಲವಾ ಅಂತ ತಿಳಿಸಿ.